ಎಡಮುರಿಯೇ ಯಾಕೆ ಹೆಚ್ಚು?

"ಮೇಡಂ, ಒಂದ್ನಿಮಿಷ ಬನ್ನಿ. ಏನೂ ಕೇಳ್ಬೇಡಿ, ಸುಮ್ನೆ ಕಣ್ಣಿಟ್ಟು ನೋಡಿ" ಎಂದು ಅವಳು ನನ್ನ ಕೈಯಲ್ಲಿದ್ದ ಗಾಜಿನ ತುಂಡುಗಳನ್ನು ಕಸಿದು ಪಕ್ಕಕ್ಕಿಟ್ಟಳು. ಆಗಷ್ಟೇ ತೊಳೆದು ಒಣಗಿಸಿದ ಗಾಜು, ಅದರ ಮೇಲೆ ಅವಳ ಹೆಬ್ಬೆರಳಿನ ಗುರುತು ಬಿತ್ತು. ಬೈಯಬೇಕೆಂದು ಬಾಯಿ ತೆರೆದವಳು ಅವಳ ಮುಖ ನೋಡಿ ಮೈಕ್ರೋಸ್ಕೋಪಿನ ಮುಂದೆ ಕೂತೆ.

ಅವಳು ನಮ್ಮ ಲ್ಯಾಬಿನ ಪಿಎಚ್‌ಡಿ ವಿದ್ಯಾರ್ಥಿನಿ. ಚಿಂತಾಮಣಿ ಕಡೆಯವಳು, ಕೋಗಿಲು ಕ್ರಾಸ್ ಹತ್ತಿರ ಪಿಜಿಯಲ್ಲಿದ್ದಳು. ನಾನು ಯಲಹಂಕದ ಆಚೆಗಿರುವ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ಗಾಜು ತೊಳೆಯುವುದು, ಸೆಲ್ ಕಟ್ಟುವುದು, ಬೀರುವಿನ ಬೀಗದ ಕೈ ಇಟ್ಟುಕೊಳ್ಳುವುದು, ಹುಡುಗರು ಯಂತ್ರ ಕೆಡಿಸಿದರೆ ಬೈದು ಸರಿ ಮಾಡುವುದು, ಎಲ್ಲಾ ನನ್ನ ಕೆಲಸ. ಸೆಲ್ ಅಂದರೆ ಎರಡು ಗಾಜಿನ ತುಂಡುಗಳನ್ನು ಕೂದಲಿಗಿಂತ ಸಣ್ಣ ಸಂದು ಬಿಟ್ಟು ಅಂಟಿಸಿದ ಒಂದು ಗೂಡು. ಆ ಸಂದಿನೊಳಗೆ ದ್ರವ ಸ್ಫಟಿಕ ತುಂಬುತ್ತೇವೆ. ಟಿವಿ ಪರದೆಯಲ್ಲಿ ಇರುವುದೂ ಇದೇ ಜಾತಿಯ ವಸ್ತು. ನೀರಿನ ಹಾಗೆ ಹರಿಯುತ್ತದೆ, ಆದರೆ ಅದರ ಅಣುಗಳು ನೀರಿನಲ್ಲಿದ್ದಂತೆ ಅಡ್ಡಾದಿಡ್ಡಿ ಇರುವುದಿಲ್ಲ, ಸಾಲು ಹಿಡಿದಿರುತ್ತವೆ.

ಕಣ್ಣಿಟ್ಟಾಗ ಕಂಡದ್ದು ಬರೀ ಕಪ್ಪು.

"ಏನಮ್ಮ ಇದು, ಲೈಟೇ ಹಾಕಿಲ್ವಾ?"

"ತಿರುಗ್ಸಿ ಮೇಡಂ. ಅನಲೈಸರ್‌ನ ಒಂಚೂರು ಬಲಕ್ಕೆ."

ಮೇಲಿನ ಫಿಲ್ಟರನ್ನು ನಾಲ್ಕೈದು ಡಿಗ್ರಿ ತಿರುಗಿಸಿದೆ. ಕತ್ತಲೆ ಒಡೆದು ಬೆಳಗಿದ ತೇಪೆಗಳು ಎದ್ದವು, ಅವುಗಳ ನಡುವೆ ಅಲ್ಲಲ್ಲಿ ಕಪ್ಪು ತೇಪೆಗಳು. ಎಡಕ್ಕೆ ತಿರುಗಿಸಿದೆ. ಬೆಳಗಿದ್ದೆಲ್ಲ ಕಪ್ಪಾಯಿತು, ಕಪ್ಪಾಗಿದ್ದದ್ದು ಬೆಳಗಿತು. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಆದರೂ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ.

ಅದೇನು ವಿಶೇಷ ಅಂತ ಹೇಳಿಬಿಡುತ್ತೇನೆ. ಶಂಖದಲ್ಲಿ ಎಡಮುರಿ, ಬಲಮುರಿ ಅಂತ ಇರುತ್ತದಲ್ಲ, ಹಾಗೆ ಕೆಲವು ಅಣುಗಳಿಗೂ ಎಡ ಬಲ ಇರುತ್ತದೆ. ಇವಳ ಅಣುವಿಗೆ ಅದಿರಲಿಲ್ಲ. ಬಾಳೆಹಣ್ಣಿನ ಹಾಗೆ ನಡುವೆ ಬಾಗಿದ ಅಣು, ಕನ್ನಡಿಯಲ್ಲಿ ನೋಡಿದರೂ ಅದೇ. ಆದರೆ ಕಾಯಿಸಿ ಕರಗಿಸಿ ನಿಧಾನವಾಗಿ ತಣಿಸಿದರೆ ಈ ಅಣುಗಳು ಪದರಪದರವಾಗಿ ಕೂರುತ್ತವೆ, ಕೂರುವಾಗ ಓರೆಯಾಗುತ್ತವೆ. ಓರೆಯಾದದ್ದೇ ತಡ, ಗುಂಪಿಗೆ ಎಡವೋ ಬಲವೋ ಒಂದು ತಿರುಚು ಬಂದುಬಿಡುತ್ತದೆ. ಒಂಟಿಯಾಗಿದ್ದಾಗ ಇಲ್ಲದ್ದು ಗುಂಪಾದಾಗ ಬರುತ್ತದೆ. ಇಲ್ಲಿ ಎಡಮುರಿ ಆದರೆ ಅಲ್ಲಿ ಬಲಮುರಿ. ಫಿಲ್ಟರನ್ನು ಒಂದು ಕಡೆ ತಿರುಗಿಸಿದರೆ ಎಡಮುರಿ ತೇಪೆಗಳು ಬೆಳಗುತ್ತವೆ, ಇನ್ನೊಂದು ಕಡೆ ತಿರುಗಿಸಿದರೆ ಬಲಮುರಿಯವು. ಯಾರೂ ಹೇಳಿಕೊಟ್ಟಿಲ್ಲವಾದ್ದರಿಂದ ಒಟ್ಟು ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ ಇರಬೇಕು.

ಅವಳ ಸೆಲ್‌ನಲ್ಲಿ ಸಮ ಇರಲಿಲ್ಲ. ಎಲ್ಲಿ ನೋಡಿದರೂ ಎಡಮುರಿಯದ್ದೇ ಕಾರುಬಾರು.

"ಹತ್ತು ಕಡೆ ಫೋಟೋ ತೆಗ್ದೆ ಮೇಡಂ. ಹತ್ತರಲ್ಲೂ ಎಡಾನೇ ಜಾಸ್ತಿ. ಎಡ ಬಲ ಇಲ್ದಿರೋ ಅಣು ಎಡಾನೇ ಆರಿಸ್ಕೊಳ್ತಿದೆ!"

ಅವಳ ಫೆಲೋಶಿಪ್ ಮಾರ್ಚಿಗೆ ಮುಗಿಯುತ್ತಿತ್ತು. ಆಗ ನವೆಂಬರ್. ಅಷ್ಟರೊಳಗೆ ಒಂದು ಗಟ್ಟಿ ಪೇಪರ್ ಹೊರಗೆ ಹೋಗದಿದ್ದರೆ ಥೀಸಿಸ್ ನಿಲ್ಲುತ್ತಿತ್ತು, ಅವಳು ಊರಿಗೆ ಹೋಗಿ ಯಾವುದಾದರೂ ಪಿಯು ಕಾಲೇಜಿನಲ್ಲಿ ಪಾಠ ಹೇಳಬೇಕಾಗುತ್ತಿತ್ತು. ಅದನ್ನು ಅವಳೇ ನನಗೆ ಹಲವು ಸಲ ಹೇಳಿದ್ದಳು. ಹಾಗಾಗಿ ಅವಳ ಖುಷಿ ನನಗೂ ಅಂಟಿತು. ಗಾಜನ್ನು ಇನ್ನೊಮ್ಮೆ ತೊಳೆದುಕೊಂಡೆ, ಬೈಯಲಿಲ್ಲ.

ಅವಳ ಪಿಎಚ್‌ಡಿ ಗೈಡ್ ಮಾತ್ರ ಖುಷಿಪಡುವ ಪೈಕಿ ಅಲ್ಲ. ಫೋಟೋಗಳನ್ನು ಒಂದೊಂದಾಗಿ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪ್ರಕೃತಿ ಎಡಕ್ಕೆ ವಾಲಿದೆ ಅನ್ನೋದಕ್ಕಿಂತ ಮುಂಚೆ ನಮ್ಮ ಲ್ಯಾಬ್ ಎಲ್ಲಿ ವಾಲಿದೆ ನೋಡ್ಕೊಳ್ಳೋಣ. ಏನೋ ಒಂದು ಕಲಬೆರಕೆ ಸೇರಿರ್ಬೇಕು. ಇದನ್ನ ಸುಳ್ಳು ಮಾಡೋಕೆ ಏನೇನು ಸಾಧ್ಯವೋ ಎಲ್ಲಾ ಮಾಡಿ. ಆಮೇಲೂ ನಿಂತ್ರೆ ಕಳ್ಸೋಣ."

ಕಲಬೆರಕೆ ಎಂಬ ಮಾತಿಗೆ ನನಗೆ ರೇಗಿತು. ಇಷ್ಟು ವರ್ಷದಲ್ಲಿ ನನ್ನ ಸೆಲ್‌ಗಳ ಮೇಲೆ ಯಾರೂ ಬೆರಳು ತೋರಿಸಿರಲಿಲ್ಲ. ಆದರೂ ಸರ್ ಹೇಳಿದ್ದು ನ್ಯಾಯವೇ. ಆ ತಿಂಗಳೆಲ್ಲ ನಾವಿಬ್ಬರೂ ಅವಳ ಫಲಿತಾಂಶವನ್ನು ಕೊಲ್ಲಲು ಹೊರಟೆವು.

ಮೊದಲು ಗಾಜು ಬದಲಿಸಿದೆವು. ಆಮೇಲೆ ದ್ರಾವಕ, ಅಂಟು, ಚಿಮುಟ, ಎಲ್ಲಾ ಹೊಸದು. ಬಂದದ್ದು ಎಡವೇ. ನಂತರ ನನ್ನ ಕೈಯ ಮೇಲೆಯೇ ನನಗೆ ಅನುಮಾನ ಬಂತು. ಗಾಜಿಗೆ ಒಂದು ತೆಳು ಲೇಪ ಕೊಟ್ಟು ಮಖಮಲ್ ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜುತ್ತೇವೆ, ಅಣುಗಳು ಆ ಗೆರೆ ಹಿಡಿದು ಕೂರಲಿ ಅಂತ. ಮೊಣಕೈ ಊರಿ ಉಜ್ಜಿದರೆ ಗೆರೆ ನೇರ ಬರುವುದಿಲ್ಲ, ಸ್ವಲ್ಪ ಓರೆಯಾಗುತ್ತದೆ. ಒಂದೇ ಥರ ಓರೆಯಾದ ಎರಡು ಗಾಜನ್ನು ಎದುರುಬದುರು ಮುಚ್ಚಿದರೆ ಓರೆ ಇಮ್ಮಡಿಯಾಗಿ, ಒಳಗಿನ ವಸ್ತುವಿಗೆ ಒಂದು ಕಡೆ ತಿರುಗು ಎಂದು ಹೇಳಿದಂತೆ ಆಗುತ್ತದೆ. ಅಳತೆಪಟ್ಟಿ ಇಟ್ಟುಕೊಂಡು ಬೇಕೆಂದೇ ಉಲ್ಟಾ ಓರೆಯಲ್ಲಿ ಉಜ್ಜಿದೆ. ಆಗ ಬಲ ಹೆಚ್ಚಾಗಬೇಕಿತ್ತು. ಆಗಲಿಲ್ಲ. ಉಜ್ಜದೇ ಇರುವ ಗಾಜಿನಲ್ಲೂ ಎಡವೇ ಬಂತು.

"ನಿಂತ್ಕೊಳ್ತು ಮೇಡಂ!" ಎಂದು ಅವಳು ಕುಣಿದಾಡಿದಳು. ನಾನೂ ಕ್ಯಾಂಟೀನಿನಿಂದ ಮಸಾಲೆ ವಡೆ ತರಿಸಿದೆ. ಪೇಪರ್ ಬರೆಯಲು ಶುರುವಾಯಿತು.

ಜನವರಿಯಲ್ಲಿ ಒಂದು ದಿನ ಚಿತ್ರಗಳಿಗೆಂದು ಅವಳ ಮೊದಲ ಸೆಲ್ ಬೇಕಾಯಿತು. ಅದನ್ನು ಅವಳು ಎಷ್ಟು ಸಲ ಕಾಯಿಸಿ ತಣಿಸಿದ್ದಳೋ ದೇವರಿಗೇ ಗೊತ್ತು. ಕಾಯಿಸುವ ಪೆಟ್ಟಿಗೆಗೆ ಅದನ್ನು ಕೂರಿಸಿ, ಕರಗಿಸಿ, ತಣಿಸಿ, ಅನಲೈಸರ್ ತಿರುಗಿಸಿದೆ. ನಡುವೆ ಎಂದಿನಂತೆ ಎಡ. ಆದರೆ ಅಂಚಿನ ಉದ್ದಕ್ಕೂ, ಎಲ್ಲಿ ಅಂಟು ಹಾಕದೆ ಬಾಯಿ ಬಿಟ್ಟಿದ್ದೆನೋ ಅಲ್ಲಿ, ಎಡ ಬಲ ಸರಿಸಮ ಇದ್ದವು. ಇನ್ನೂ ಹತ್ತು ಸಲ ಕಾಯಿಸಿದೆ. ಸಮನಾದ ಪಟ್ಟಿ ಅಂಚಿನಿಂದ ಒಳಗೆ ಒಂದು ಕೂದಲೆಳೆಯಷ್ಟು ಸರಿಯಿತು.

ಅಣುವಿನ ಸ್ವಭಾವವೇ ಎಡವಾಗಿದ್ದರೆ ಅಂಚಿಗೊಂದು, ನಡುವಿಗೊಂದು ಇರುವುದಿಲ್ಲ. ಎಡಕ್ಕೆ ತಳ್ಳುತ್ತಿದ್ದ ಏನೋ ಒಂದು ಬಿಸಿಗೆ ಆವಿಯಾಗಿ ಅಂಚಿನಿಂದ ಹೊರಗೆ ಹೋಗುತ್ತಿತ್ತು.

ಬೇಗ ಆವಿಯಾಗುವಂಥದ್ದು ಲ್ಯಾಬಿನಲ್ಲಿ ಏನಿದೆ ಎಂದು ಯೋಚಿಸುತ್ತಾ ಬೀರು ತೆಗೆದೆ. ಒಳಗೆ ಡೆಸಿಕೇಟರ್ ಇತ್ತು. ಅದು ದಪ್ಪ ಗಾಜಿನ ಡಬರಿ, ಮುಚ್ಚಳ ಕೂತರೆ ಗಾಳಿ ಆಡುವುದಿಲ್ಲ. ಸ್ಯಾಂಪಲ್ ಒಣಗಿರಲಿ ಎಂದು ಅದರಲ್ಲಿಡುತ್ತೇವೆ. ಅವಳ ಸ್ಯಾಂಪಲ್ ಬಾಟಲಿ ಅಲ್ಲೇ ಇತ್ತು, ದ್ರಾವಕದ ಕೊನೆಯ ಪಸೆ ಆರಲೆಂದು ಬಾಯಿಗೆ ಫಾಯಿಲ್ ಸುತ್ತಿ ಸೂಜಿಯಲ್ಲಿ ತೂತು ಮಾಡಿದ್ದಳು. ಅದರ ಹಿಂದೆ ಒಂದು ಪುಟ್ಟ ಸ್ಟೀಲ್ ಡಬ್ಬಿ.

ಆ ಡಬ್ಬಿ ನನ್ನದು.

ಆಯುಧ ಪೂಜೆಗೆ ನಮ್ಮ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನಿಂದ ಹಿಡಿದು ತಕ್ಕಡಿಯವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು, ಕುಂಬಳಕಾಯಿ ಒಡೆದು, ಸಿಹಿ ಪೊಂಗಲ್ ಹಂಚುತ್ತೇವೆ. ಪೊಂಗಲ್ ನನ್ನ ಪಾಲಿನ ಸೇವೆ. ಅದಕ್ಕೆ ಚಿಟಿಕೆ ಪಚ್ಚಕರ್ಪೂರ ಬೇಕು. ಪೂಜೆ ಮುಗಿದ ಮೇಲೆ ಉಳಿದ ಪಚ್ಚಕರ್ಪೂರ ಗಾಳಿಗೆ ಆರಿಹೋಗುತ್ತದಲ್ಲ ಎಂಬ ಚಿಂತೆ ಹತ್ತಿತು. ಮನೆಯಲ್ಲಾದರೆ ನಾಲ್ಕು ಕಾಳು ಮೆಣಸು ಹಾಕಿಡುತ್ತೇವೆ. ಲ್ಯಾಬಿನಲ್ಲಿ ಮೆಣಸು ಎಲ್ಲಿಂದ ತರಲಿ? ಗಾಳಿ ಆಡದ ಜಾಗ ಡೆಸಿಕೇಟರ್ ತಾನೇ, ರಜೆ ಮುಗಿದ ಮೇಲೆ ಮನೆಗೆ ಒಯ್ದರಾಯಿತು ಎಂದು ಇಟ್ಟವಳು ಮರೆತೇಬಿಟ್ಟಿದ್ದೆ. ಈಗ ಡಬ್ಬಿ ತೆಗೆದರೆ ತಳದಲ್ಲಿ ಒಂದಿಷ್ಟು ಬಿಳಿ ಪುಡಿ. ಉಳಿದದ್ದೆಲ್ಲ ಎಲ್ಲಿ ಹೋಯಿತು? ಡಬರಿಯಿಂದ ಹೊರಗಂತೂ ಹೋಗಿರಲಾರದು. ಕೋವಿಡ್ ಬಂದು ಹೋದ ಮೇಲೆ ನನಗೆ ವಾಸನೆ ತಿಳಿಯುವುದು ಅಷ್ಟಕ್ಕಷ್ಟೆ, ಹಾಗಾಗಿ ಆ ಮೂರು ತಿಂಗಳಲ್ಲಿ ಬೀರು ತೆಗೆದಾಗಲೆಲ್ಲ ನನ್ನ ಮೂಗು ಏನೂ ಹೇಳಿರಲಿಲ್ಲ.

ಅವಳನ್ನು ಕರೆದು ಡಬ್ಬಿ ತೋರಿಸಿದೆ. ಅವಳು ಬಿಳಿಚಿಕೊಂಡಳು.

"ಕರ್ಪೂರಾನಾ?"

"ನಾನೇ ಇಟ್ಟಿದ್ದು ಕಣೇ. ಏನ್ ಕರ್ಮ ನೋಡು. ನಿಂಗೆ ವಾಸ್ನೆ ಬರ್ಲಿಲ್ವಾ?"

"ಇಲ್ಲ ಮೇಡಂ... ಗಮನಿಸ್ಲಿಲ್ಲ."

ಪರೀಕ್ಷೆ ಮಾಡಿಬಿಡೋಣ ಎಂದೆ. ಎಡ ಬಲ ಸಮ ಬರುತ್ತದೆಂದು ಮೊದಲೇ ಗೊತ್ತಿದ್ದ ಒಂದು ಹಳೆಯ ಸ್ಯಾಂಪಲ್ ನಮ್ಮಲ್ಲಿತ್ತು. ಅದನ್ನು ಬೇರೊಂದು ಡೆಸಿಕೇಟರ್‌ನಲ್ಲಿಟ್ಟು, ಕಾಲೇಜಿನ ಎದುರಿನ ಅಂಗಡಿಯಿಂದ ತಂದ ಕರ್ಪೂರದ ಬಿಲ್ಲೆಗಳನ್ನು ಪಕ್ಕದಲ್ಲಿರಿಸಿ, ಒಂದು ವಾರ ಮುಚ್ಚಿದೆವು. ಆ ವಾರ ಅವಳು ಸರಿಯಾಗಿ ಊಟ ಮಾಡಲಿಲ್ಲ. ನಾನೂ ಮನೆಯಲ್ಲಿ ಸುಮ್ಮಸುಮ್ಮನೆ ಎಲ್ಲರ ಮೇಲೆ ರೇಗಿದೆ.

ಶುಕ್ರವಾರ ಸೆಲ್ ತುಂಬಿ ತಣಿಸಿ ನೋಡಿದರೆ ಎಡ ಬಲ ಸಮ. ಕರ್ಪೂರ ಏನೂ ಮಾಡಿರಲಿಲ್ಲ. ಅವಳು ನನ್ನನ್ನು ಅಪ್ಪಿಕೊಂಡು ಅತ್ತುಬಿಟ್ಟಳು. ಬದುಕಿದೆ ಅಂದುಕೊಂಡೆ. ಡೆಸಿಕೇಟರ್‌ನಲ್ಲಿ ಕರ್ಪೂರ ಇತ್ತೆಂದಷ್ಟೇ ಗೈಡ್‌ಗೆ ಹೇಳಿದೆ, ಇಟ್ಟವಳು ನಾನೆಂದು ಹೇಳಲಿಲ್ಲ. ಗೈಡ್ ಫಲಿತಾಂಶ ನೋಡಿ, "ಅಂಚಿನ ವಿಷಯ ಇನ್ನೂ ನಂಗೆ ಸಮಾಧಾನ ಆಗಿಲ್ಲ. ಆದ್ರೂ ಮಾಡ್ಬೇಕಾದ್ದೆಲ್ಲ ಮಾಡಿದ್ದೀರಿ. ಸೋಮವಾರ ಹನ್ನೊಂದಕ್ಕೆ ಕೂತು ಕಳಿಸಿಬಿಡೋಣ" ಎಂದರು.

ಭಾನುವಾರ ಬ್ಯಾಟರಾಯನಪುರದ ಮನೆಯಲ್ಲಿ ನಮ್ಮತ್ತೆ ದೇವರ ಮನೆಯಿಂದ ಕೂಗಿದರು. ಅವರು ಅಲ್ಲೇ ಹುಟ್ಟಿ ಬೆಳೆದವರು. ಊರು ಸಿಟಿಯಾದರೂ ಅವರ ಮಾತು ಬದಲಾಗಿಲ್ಲ.

"ಪಚ್ಚಕರ್ಪೂರದ್ ಡಬ್ಬಿ ಎಲ್ಲೇ? ದಸರಾಗ್ ತಕ್ಕಂಡೋದೋಳು ವಾಪಸ್ ತಂದೇ ಇಲ್ವಲ್ಲ!"

"ಖಾಲಿ ಆಯ್ತು ಅತ್ತೆ. ಅಲ್ಲೇ ಪೂಜೆ ಕರ್ಪೂರ ಇದ್ಯಲ್ಲ, ಅದನ್ನೇ ಒಂಚೂರು ತೀರ್ಥಕ್ಕೆ ಹಾಕಿ."

"ಅಯ್ಯೋ, ನಿನ್ ಓದಿಗಿಷ್ಟು! ಅದನ್ ಯಾರಾದ್ರೂ ಬಾಯಿಗ್ ಆಕ್ಕೊಂತಾರಾ? ಅದು ಫ್ಯಾಕ್ಟ್ರೀಲ್ ಮಾಡೋದು. ಇದು ಮರದ್ದು. ಎರಡೂ ಒಂದೇನಾ? ಇಂಗ್ ಮಾತಾಡ್ತೀಯಲ್ಲ!"

ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮರದ್ದು. ಜೀವ ಇರುವಂಥದ್ದು ಅಣು ಕಟ್ಟುವಾಗ ಸಾಮಾನ್ಯವಾಗಿ ಒಂದೇ ಕಡೆಯದ್ದನ್ನು ಕಟ್ಟುತ್ತದೆ. ಕಾರ್ಖಾನೆಯಲ್ಲಿ ಮಾಡಿದರೆ ಎಡ ಬಲ ಎರಡೂ ಅರ್ಧರ್ಧ ಬಂದು, ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಹಾಕುತ್ತದೆ. ಇದನ್ನು ವರ್ಷ ವರ್ಷವೂ ಸಕ್ಕರೆ ನೀರಿನ ಪ್ರಯೋಗದಲ್ಲಿ ಹುಡುಗರಿಗೆ ಹೇಳಿಕೊಡುವವಳು ನಾನು. ಅಂಥವಳು ಪಚ್ಚಕರ್ಪೂರ ಇಟ್ಟು, ಪರೀಕ್ಷೆಗೆ ಮಾತ್ರ ಅಂಗಡಿ ಕರ್ಪೂರ ತಂದಿದ್ದೆ. ಕರ್ಪೂರ ಅಂದರೆ ಕರ್ಪೂರ ಅಷ್ಟೇ ತಾನೇ ಎಂಬ ಉಡಾಫೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅತ್ತೆ ಗೂಡೆಲ್ಲ ತಡಕಿದಾಗ ಅದೇ ಪೊಟ್ಟಣದ್ದು ಇನ್ನೂ ಸ್ವಲ್ಪ ಸಿಕ್ಕಿತು. ಕೇಳಿ ಇಸಕೊಂಡೆ.

ಸೋಮವಾರ ಹೆಬ್ಬಾಳದಿಂದ ಬರುವ ಮೊದಲ ಬಸ್ಸು ಹತ್ತಿ ಎಂಟಕ್ಕೆ ಲ್ಯಾಬ್ ತೆಗೆದೆ. ಪೋಲಾರಿಮೀಟರಿನ ಹಳದಿ ದೀಪ ಹಚ್ಚಿ ಕಾಯಲು ಬಿಟ್ಟೆ. ಸಕ್ಕರೆ ನೀರು ಬೆಳಕನ್ನು ಎಷ್ಟು ತಿರುಗಿಸುತ್ತದೆ ಎಂದು ಹುಡುಗರು ಅಳೆಯುವ ಅದೇ ಸಾದಾ ಉಪಕರಣ. ಆಲ್ಕೋಹಾಲಿನಲ್ಲಿ ಅಂಗಡಿ ಕರ್ಪೂರ ಕರಗಿಸಿ ನಳಿಗೆಗೆ ತುಂಬಿದೆ. ಸೊನ್ನೆಯಲ್ಲಿದ್ದದ್ದು ಸೊನ್ನೆಯಲ್ಲೇ ಉಳಿಯಿತು. ನಳಿಗೆ ತೊಳೆದು ಪಚ್ಚಕರ್ಪೂರದ್ದು ತುಂಬಿದೆ. ಕಣ್ಣಿಟ್ಟರೆ ವೃತ್ತದ ಅರ್ಧ ಬೆಳಕು, ಅರ್ಧ ಕತ್ತಲು. ಎರಡನ್ನೂ ಸಮ ಮಾಡಲು ತಿರುಗಣೆಯನ್ನು ಚೆನ್ನಾಗಿಯೇ ತಿರುಗಿಸಬೇಕಾಯಿತು.

ಬೆಳಕು ಬಲಕ್ಕೆ ತಿರುಗಿತ್ತು. ನಮ್ಮ ಸ್ಯಾಂಪಲ್ ಎಡ. ಒಂದು ಗಳಿಗೆ ಆಸೆಯಾಯಿತು: ಬಲದ್ದು ಬಂದು ಎಡ ಮಾಡುತ್ತದೆಯೇ, ಇದಲ್ಲ ಬಿಡು ಎಂದು. ಆದರೆ ಒಂದು ಅಣು ಬೆಳಕನ್ನು ಯಾವ ಕಡೆ ತಿರುಗಿಸುತ್ತದೆ ಎನ್ನುವುದಕ್ಕೂ ಪಕ್ಕದ ಅಣುಗಳನ್ನು ಯಾವ ಕಡೆ ತಿರುಚುತ್ತದೆ ಎನ್ನುವುದಕ್ಕೂ ನಂಟು ಇರಲೇಬೇಕೆಂದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಗಂಟೆ ಒಂಬತ್ತೂವರೆ. ಲ್ಯಾಬಿನಲ್ಲಿ ನಾನೊಬ್ಬಳೇ. ನಳಿಗೆ ತೊಳೆದಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೇಪರ್ ಹೋಗುತ್ತಿತ್ತು, ಅವಳ ಥೀಸಿಸ್ ಆಗುತ್ತಿತ್ತು, ನನ್ನ ಹೆಸರೂ ಉಳಿಯುತ್ತಿತ್ತು. ಸುಳ್ಳು ಹೇಳುವುದಿಲ್ಲ, ಕಾಲು ಗಂಟೆ ಕೈಕಟ್ಟಿ ಕೂತೇ ಇದ್ದೆ. ಆಮೇಲೆ ಆ ಹುಡುಗಿ ಎಲ್ಲೋ ಹೋಗಿ ಎಡಮುರಿ ಎಡಮುರಿ ಎಂದು ಭಾಷಣ ಮಾಡುವುದು, ಇನ್ಯಾರೋ ಮಾಡಿ ನೋಡಿದಾಗ ಸಮ ಬರುವುದು, ಎಲ್ಲರೂ ಅವಳ ಮುಖ ನೋಡುವುದು ಕಣ್ಣ ಮುಂದೆ ಬಂತು. ಲಾಗ್‌ಬುಕ್ ತೆಗೆದು ಎರಡೂ ಅಳತೆ ಬರೆದೆ. ಕೆಳಗೆ, "ಆಯುಧ ಪೂಜೆಯಂದು ಡೆಸಿಕೇಟರ್‌ನಲ್ಲಿ ಪಚ್ಚಕರ್ಪೂರ ಇಟ್ಟವಳು ನಾನು" ಎಂದು ಬರೆದು ಸಹಿ ಹಾಕಿ, ಗೈಡ್ ಕೋಣೆಗೆ ಹೋದೆ. ಅವಳು ಆಗಲೇ ಅಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದಳು.

ಹೇಳಿ ಮುಗಿಸಿದಾಗ ಅವಳು ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ ಎದ್ದು ಹೊರಗೆ ಹೋದಳು. ನನ್ನ ಕಡೆ ನೋಡಲೂ ಇಲ್ಲ. ಗೈಡ್ ಲಾಗ್‌ಬುಕ್ಕನ್ನು ಎರಡು ಸಲ ಓದಿದರು.

"ಡೆಸಿಕೇಟರ್‌ನಲ್ಲಿ ಪೂಜೆ ಸಾಮಾನು ಇಡ್ತಾರೇನ್ರೀ?" ಎಂದರು.

"ತಪ್ಪಾಯ್ತು ಸರ್."

"ಇವತ್ತಿಂದ ಸ್ಯಾಂಪಲ್ ಎಲ್ಲಾ ಮೊದ್ಲಿಂದ ಶುದ್ಧ ಮಾಡ್ಬೇಕು. ಮಾರ್ಚ್ ಒಳಗೆ ಆಗಲ್ಲ. ಅವಳಿಗೆ ಆರು ತಿಂಗಳು ಹೆಚ್ಚು ಕೇಳಿ ನಾನು ಕಾಗದ ಬರೀತೀನಿ. ಕೊಡ್ತಾರೋ ಇಲ್ವೋ ಗೊತ್ತಿಲ್ಲ."

ಕೊಟ್ಟರು, ಆದರೆ ಮೂರೇ ತಿಂಗಳು. ಆ ದಿನಗಳಲ್ಲಿ ಅವಳು ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. ಮೇಡಂ, ಗಾಜು. ಮೇಡಂ, ಬೀಗ. ನೋವಾಗುತ್ತಿತ್ತು, ಆದರೆ ಯಾವ ಮುಖ ಇಟ್ಟುಕೊಂಡು ಕೇಳಲಿ? ಪಕ್ಕದ ಲ್ಯಾಬಿನವರು ನನಗೆ 'ಕರ್ಪೂರದಮ್ಮ' ಎಂದು ಹೆಸರಿಟ್ಟರು. ಹಳೆಯ ಸ್ಯಾಂಪಲನ್ನು ಈ ಸಲ ಪಚ್ಚಕರ್ಪೂರದ ಜೊತೆಗಿಟ್ಟು ನೋಡಿದೆವು. ಅನುಮಾನವೇ ಉಳಿಯದಂತೆ ಎಡಕ್ಕೆ ವಾಲಿತು. ಅವಳ ವಸ್ತುವನ್ನು ಮೂರು ಸಲ ಕರಗಿಸಿ, ಹರಳು ಕಟ್ಟಿಸಿ, ನಿರ್ವಾತದಲ್ಲಿ ಒಣಗಿಸಿದೆವು. ಹೊಸ ಡೆಸಿಕೇಟರ್, ಹೊಸ ಬಾಟಲಿ. ಬೀರುವಿನ ಬೀಗದ ಕೈಯನ್ನು ನಾನೇ ಅವಳಿಗೆ ಕೊಟ್ಟೆ.

ಮೇ ತಿಂಗಳ ಒಂದು ಮಧ್ಯಾಹ್ನ ಕೊನೆಯ ಎಣಿಕೆಗೆ ಕೂತೆವು. ಕಣ್ಣಿಗೆ ಆಸೆ ಇರಬಾರದೆಂದು ಒಂದು ಉಪಾಯ ಮಾಡಿದ್ದೆವು: ಅನಲೈಸರ್ ತಿರುಗಿಸುವವಳು ಅವಳು, ಯಾವ ಕಡೆಗೆ ಎಂದು ಹೇಳುವಂತಿಲ್ಲ, ನಾನು ಬೆಳಗಿದ್ದನ್ನಷ್ಟೇ ಗುರುತು ಮಾಡಬೇಕು. ಒಂದೇ ಜಾಗವನ್ನು ಮತ್ತೆ ಮತ್ತೆ ಕರಗಿಸಿ ತಣಿಸಿದೆವು. ಈಗ ಎಡವಾದ ತೇಪೆ ಮುಂದಿನ ಸಲ ಬಲವಾಯಿತು, ಅದರ ಮುಂದಿನ ಸಲ ಎರಡಾಗಿ ಒಡೆಯಿತು. ಸಂಜೆ ಕೂಡಿಸಿ ನೋಡಿದರೆ ಎಡ ಬಲಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

"ಸಮ ಮೇಡಂ" ಎಂದಳು. ಅಷ್ಟು ದಿನ ಅವಳದಾಗಿದ್ದ ದೊಡ್ಡ ಶೋಧ ಅಲ್ಲಿಗೆ ಮುಗಿಯಿತು. ಇನ್ನು ಉಳಿದಿದ್ದು, ಮೂಗಿಗಷ್ಟೇ ತಿಳಿಯುವ ಆವಿಯೂ ಇಂಥ ವಸ್ತುವನ್ನು ಒಂದು ಕಡೆ ವಾಲಿಸುತ್ತದೆ ಎಂಬ ಸಣ್ಣ ಪೇಪರ್. ಥೀಸಿಸ್‌ಗೆ ಅದು ಸಾಕು ಎಂದು ಗೈಡ್ ಹೇಳಿದ್ದರು.

ಅವಳು ಅಳಲು ಶುರುಮಾಡಿದಳು.

"ಅಳೋದಾದ್ರೆ ಆಚೆ ಹೋಗಿ ಅಳಮ್ಮ. ಲೆನ್ಸ್ ಮೇಲೆ ಹನಿ ಬಿದ್ರೆ ಒರೆಸ್ಬೇಕಾದೋಳು ನಾನು" ಎಂದೆ.

ಅವಳು ಹೋಗಲಿಲ್ಲ. "ಮೇಡಂ, ಆ ವಾಸ್ನೆ ನಂಗೆ ಬರ್ತಿತ್ತು" ಎಂದಳು.

"ಯಾವ್ದು?"

"ಕರ್ಪೂರದ್ದು. ಮೊದಲ್ನೇ ದಿನದಿಂದ. ಮುಚ್ಚಳ ತೆಗೆದ್ರೆ ಘಮ್ ಅಂತಿತ್ತು. ನಮ್ಮಮ್ಮ ಪೂಜೆ ಮಾಡೋವಾಗ ಮನೇಲಿ ಇದೇ ವಾಸ್ನೆ. ಪಿಜಿಯಿಂದ ಬಂದು ಅದನ್ನ ತೆಗೆದ್ರೆ ಮನಸ್ಸಿಗೆ ಹಿತ ಅನ್ಸೋದು. ಎಡ ಜಾಸ್ತಿ ಬರೋಕೆ ಶುರುವಾದ್ಮೇಲೆ ಡೌಟ್ ಬಂತು. ಕೇಳೋಕೆ ಭಯ ಆಯ್ತು. ನೀವು ಕೇಳ್ದಾಗ್ಲೂ ಗಮನಿಸ್ಲಿಲ್ಲ ಅಂದ್ಬಿಟ್ಟೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಷ್ಟು ತಿಂಗಳು ತಪ್ಪೆಲ್ಲಾ ನನ್ನೊಬ್ಬಳದೇ ಎಂದು ತಲೆತಗ್ಗಿಸಿ ಓಡಾಡಿದ್ದೆ, ಊಟ ಸೇರುತ್ತಿರಲಿಲ್ಲ, ಇವಳು ಮಾತು ಬಿಟ್ಟದ್ದು ನನ್ನ ಮೇಲಿನ ಕೋಪಕ್ಕೆ ಎಂದುಕೊಂಡಿದ್ದೆ. ಏನಾದರೂ ಚುರುಕು ಮುಟ್ಟುವಂಥದ್ದು ಹೇಳಬೇಕೆಂದು ಹುಡುಕಿದೆ. ಆಮೇಲೆ ನೆನಪಾಯಿತು: ಆ ಸೋಮವಾರ ಕಾಲು ಗಂಟೆ ಕೈಕಟ್ಟಿ ಕೂತವಳು ನಾನು. ಇವಳು ಆರು ತಿಂಗಳು ಕೂತಿದ್ದಳು, ಅದೂ ಒಬ್ಬಳೇ.

ಲಾಗ್‌ಬುಕ್ ತಂದು ಜನವರಿಯ ಪುಟ ತೆಗೆದು ಅವಳ ಮುಂದಿಟ್ಟೆ. "ಬರಿ" ಎಂದೆ.

ಅವಳು ಕಣ್ಣೊರೆಸಿಕೊಂಡು ನನ್ನ ಸಹಿಯ ಕೆಳಗೆ ಬರೆದಳು: "ಡೆಸಿಕೇಟರ್‌ನಲ್ಲಿ ಕರ್ಪೂರದ ವಾಸನೆ ಇತ್ತು. ಮೊದಲಿನಿಂದಲೂ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ." ಸಹಿ ಹಾಕಿ ಅವತ್ತಿನ ತಾರೀಖು ನಮೂದಿಸಿದಳು. ಆಮೇಲೆ ಆ ಪುಸ್ತಕವನ್ನು ಎದೆಗೊತ್ತಿಕೊಂಡು, ಗೈಡ್ ಇನ್ನೂ ಇದ್ದಾರಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ಅವರ ಕೋಣೆಯ ಕಡೆ ಹೊರಟಳು.